ಓಸಿ ಇಲ್ಲದ ಮನೆಗೆ ಕರೆಂಟ್ ಕೊಡಬಾರದಾ? ಪರ – ವಿರೋಧ

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್‌ನ ಒಂದು ಅಕ್ರಮ ಕಟ್ಟಡದ ಕೇಸಿನಲ್ಲಿ ತೀರ್ಪು ಕೊಟ್ಟಿತು. ಕೇಸು ಉತ್ತರ ಪ್ರದೇಶದ್ದಾದರೂ ನಿರ್ದೇಶನಗಳು ಇಡೀ ದೇಶಕ್ಕೆ. ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ವಾಸಯೋಗ್ಯ ಪ್ರಮಾಣಪತ್ರ, ಅಂದರೆ ನಕ್ಷೆ ಪ್ರಕಾರ ಕಟ್ಟಿದೆ ಅಂತ ಸ್ಥಳೀಯ ಸಂಸ್ಥೆ ಕೊಡುವ, ನಾವೆಲ್ಲ ಓಸಿ ಅನ್ನುವ ಕಾಗದ, ಸಿಗುವವರೆಗೆ ಕರೆಂಟ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದಿತು. ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದಿತು. ನಮ್ಮಲ್ಲಿ ಇದರ ಬಿಸಿ ತಟ್ಟಿದ್ದು 2025ರಲ್ಲಿ, ವಿದ್ಯುತ್ ಕಂಪನಿಗಳು ಅರ್ಜಿ ಜೊತೆ ಓಸಿ ಕೇಳೋಕೆ ಶುರು ಮಾಡಿದಾಗ. ಗಲಾಟೆ ಜಾಸ್ತಿ ಆಯಿತು. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ಸೈಟಿನಲ್ಲಿ ಕಟ್ಟಿದ ನೆಲ ಮತ್ತು ಎರಡು ಮಹಡಿಯ, ಇಲ್ಲವೇ ಸ್ಟಿಲ್ಟ್ (ಕೆಳಗೆ ಬರೀ ಕಂಬ ನಿಲ್ಲಿಸಿ ಗಾಡಿಗೆ ಬಿಟ್ಟ ಜಾಗ) ಮತ್ತು ಮೂರು ಮಹಡಿಯ ವಾಸದ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ಉಳಿದವರ ಪ್ರಶ್ನೆ ಹಾಗೇ ಇದೆ. ಎರಡೂ ಕಡೆಯ ಮಾತನ್ನು ಪೂರ್ತಿ ಹೇಳಿಬಿಡುತ್ತೇನೆ.

ಪರ: ಓಸಿ ಇಲ್ಲ ಅಂದರೆ ಮೀಟರ್ ಬೇಡ

ಬೈಲಾ, ಅಂದರೆ ಮನೆ ಹೇಗೆ ಕಟ್ಟಬೇಕು ಅನ್ನುವ ನಿಯಮ, ಅಂದ ಕೂಡಲೇ ದೆಹಲಿಯಲ್ಲಿ ಯಾರೋ ಕೂತು ಬರೆದು ನಮ್ಮ ತಲೆ ಮೇಲೆ ಹಾಕಿದ್ದು ಅನ್ನುವ ಹಾಗೆ ಮಾತಾಡುತ್ತಾರೆ. ಹಾಗಿಲ್ಲ. ಭಾರತೀಯ ಮಾನಕ ಬ್ಯೂರೋ ತಂದಿರುವ ರಾಷ್ಟ್ರೀಯ ಕಟ್ಟಡ ಸಂಹಿತೆ ಒಂದಿದೆ. ಮೊದಲು ಬಂದದ್ದು 1970ರಲ್ಲಿ, ಆಮೇಲೆ ಪರಿಷ್ಕರಣೆ ಆಗಿದ್ದು 1983, 2005, 2016ರಲ್ಲಿ. ಅದು ತಾನಾಗಿ ಯಾರನ್ನೂ ಕಟ್ಟಿಹಾಕಲ್ಲ. ರಾಜ್ಯವೋ ಸ್ಥಳೀಯ ಸಂಸ್ಥೆಯೋ ಅದನ್ನು ತನ್ನ ನಿಯಮದೊಳಗೆ ತಂದಾಗಲೇ ಅದಕ್ಕೆ ಹಲ್ಲು ಬರೋದು. ಭೂಮಿ, ಸ್ಥಳೀಯ ಆಡಳಿತ ಎರಡೂ ಸಂವಿಧಾನದಲ್ಲಿ ರಾಜ್ಯದ ಪಟ್ಟಿಯಲ್ಲಿವೆ. ಕಟ್ಟಡ ನಿರ್ಮಾಣದ ನಿಯಂತ್ರಣವನ್ನು 74ನೇ ತಿದ್ದುಪಡಿ ನಗರಸಭೆ, ಪಾಲಿಕೆಗಳ ಕೆಲಸದ ಪಟ್ಟಿಗೇ ಸೇರಿಸಿತು. ನಮ್ಮಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ, ಅದರಡಿ ಮಾಸ್ಟರ್ ಪ್ಲಾನ್ ಇದೆ. ಪಾಲಿಕೆಗಳಿಗೆ ಅವುಗಳದೇ ಕಾಯ್ದೆ, ಅವುಗಳದೇ ಬೈಲಾ. ನಮ್ಮ ವಿಧಾನಸಭೆ, ನಮ್ಮ ಪಾಲಿಕೆ ಒಪ್ಪಿಕೊಂಡ ನಿಯಮ ಇದು. ಪಾಲಿಸೋ ಹೊತ್ತಿಗೆ ಪರಕೀಯ ಆಗಿಬಿಡುತ್ತಾ?

ನಿಯಮ ಬೇಕಾದಷ್ಟಿದೆ, ಕೊರತೆ ಇರೋದು ಅದನ್ನು ಹಿಡಿದು ನಿಲ್ಲಿಸುವ ಜಾಗದ್ದು. ನಕ್ಷೆಯಲ್ಲಿ ಮೂರು ಮಹಡಿ ತೋರಿಸಿ ಐದು ಕಟ್ಟಿದವನಿಗೆ ಏನಾಗುತ್ತೆ ನೋಡಿ. ಒಂದು ತಾತ್ಕಾಲಿಕ ಆದೇಶ ಬರುತ್ತೆ. ಅದಕ್ಕೆ ಉತ್ತರ ಕೊಡೋಕೆ ಸಮಯ. ಆಮೇಲೆ ಅಂತಿಮ ಆದೇಶ, ಅದರ ಮೇಲೆ ಮೇಲ್ಮನವಿ, ತಡೆಯಾಜ್ಞೆ. ಅಷ್ಟರಲ್ಲಿ ಐದನೇ ಮಹಡಿಗೆ ಬಣ್ಣ ಬಳಿದು, ಬಾಡಿಗೆಯವರು ಬಂದು, ಮಕ್ಕಳು ಪಕ್ಕದ ಶಾಲೆಗೆ ಸೇರಿ ಆಗಿರುತ್ತೆ. ಆಗ ಒಡೆಯೋಕೆ ಹೋದರೆ ಒಡೆಯುವವನೇ ಖಳನಾಯಕ. ಜನ ವಾಸ ಇರುವ ಮನೆ ಒಡೆಯೋದು ಯಾರಿಗೂ ಇಷ್ಟ ಇಲ್ಲ, ಇರಲೂಬಾರದು. ಅದಕ್ಕೇ ಜನ ಒಳಗೆ ಹೋಗುವ ಮುಂಚೆಯೇ ಒಂದು ತಡೆ ಬೇಕು. ಕರೆಂಟ್ ಮೀಟರ್ ಅಂಥದ್ದು. ಬುಲ್ಡೋಜರ್ ಬೇಡ, ಪೊಲೀಸ್ ಬೇಡ. ಕಟ್ಟಿಸಿದವನು ನಕ್ಷೆ ಪ್ರಕಾರ ಕಟ್ಟಿದ್ದೇನೆ ಎಂದು ತೋರಿಸಿ ಸಂಪರ್ಕ ತಗೊಳ್ಳಲಿ, ಅಷ್ಟೇ.

ಪಾಲಿಕೆಯ ಬೈಲಾ ತೀರಾ ಕಲ್ಲುಮನಸ್ಸಿನದೂ ಅಲ್ಲ. ಬೆಂಗಳೂರಿನ 2003ರ ಬೈಲಾ 5% ವರೆಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಮನ್ನಿಸುತ್ತದೆ. ಮೇಸ್ತ್ರಿ ಗೋಡೆಯನ್ನು ಸ್ವಲ್ಪ ಹೊರಗೆ ತಂದ, ಮೆಟ್ಟಿಲಿಗೆ ಜಾಗ ಸಾಲಲಿಲ್ಲ ಅನ್ನುವಂಥದ್ದೆಲ್ಲ ಇದರಲ್ಲಿ ಹೋಗುತ್ತೆ. ನಾವು ಮಾತಾಡುತ್ತಿರೋದು ಸೆಟ್‌ಬ್ಯಾಕನ್ನು ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗವನ್ನು ಪೂರ್ತಿ ನುಂಗಿದ ಕಟ್ಟಡಗಳ ಬಗ್ಗೆ. ಯಾವುದೇ ಹೊಸ ಬಡಾವಣೆಯ ಸಣ್ಣ ಅಡ್ಡರಸ್ತೆಗೆ ಹೋಗಿ ತಲೆ ಎತ್ತಿ ನೋಡಿ. ನೆಲಮಟ್ಟದಲ್ಲಿ ಎರಡು ಮನೆ ನಡುವೆ ಮೊಣಕೈ ಅಗಲದ ಸಂದಿ ಇರುತ್ತೆ. ಮೊದಲ ಮಹಡಿಯಿಂದ ಅದೂ ಇಲ್ಲ, ಬಾಲ್ಕನಿ ಎರಡೂ ಕಡೆಯಿಂದ ಮುಂದೆ ಬಂದು ಕಬ್ಬಿಣದ ಗ್ರಿಲ್‌ಗೆ ಗ್ರಿಲ್ ತಾಗುತ್ತಿರುತ್ತೆ. ಬೆಡ್‌ರೂಮ್ ಕಿಟಕಿ ತೆರೆದರೆ ಪಕ್ಕದವರ ಸಿಮೆಂಟ್ ಗೋಡೆ. ಅಡುಗೆಮನೆಯ ಹೊಗೆ ಹೋಗೋಕೆ ದಾರಿ ಇಲ್ಲ, ಮಧ್ಯಾಹ್ನವೂ ಲೈಟ್ ಹಾಕಿಕೊಂಡೇ ಇರಬೇಕು. ಒಂದು ಮನೆಗೆ ಬೆಂಕಿ ಬಿದ್ದರೆ ಅದು ಒಂದೇ ಮನೆಯ ಬೆಂಕಿಯಾಗಿ ಉಳಿಯಲ್ಲ. ಅಗ್ನಿಶಾಮಕದವರು ಏಣಿ ಇಡೋದು ಎಲ್ಲಿ?

ನನ್ನ ಜಾಗ, ನನ್ನ ದುಡ್ಡು ಅನ್ನೋ ವಾದ ಇಲ್ಲೇ ಬಿದ್ದುಹೋಗುತ್ತೆ. ಬಿಡಬೇಕಿದ್ದ ಜಾಗ ಪಕ್ಕದವನ ಗಾಳಿ ಬೆಳಕಿನದು. ನಿಯಮ ಪಾಲಿಸಿ ಎರಡೂ ಕಡೆ ಜಾಗ ಬಿಟ್ಟು ಕಟ್ಟಿದವನ ಮನೆಯೇ ಕತ್ತಲಾಗೋದು. ಅವನ ಪರವಾಗಿ ಯಾರೂ ಗಲಾಟೆ ಮಾಡಲ್ಲ, ಯಾರೂ ಮನವಿ ಕೊಡಲ್ಲ.

ಜೀವಗಳ ಲೆಕ್ಕವೂ ಇದೆ. 1983ರಲ್ಲಿ ಬೆಂಗಳೂರಿನಲ್ಲಿ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕೆಳಗೆ ಅಂಗಡಿಗಳು ನಡೆಯುತ್ತಿದ್ದವು, ಮೇಲೆ ಕಟ್ಟುವ ಕೆಲಸ ಇನ್ನೂ ಸಾಗುತ್ತಿತ್ತು. ಕಟ್ಟಡ ಬಿತ್ತು, 19 ಜನ ಹೋದರು. ಪೂರ್ತಿಯಾಗದ ಕಟ್ಟಡದ ಕೆಳಗೆ ಶಟರ್ ಎತ್ತಿ ವ್ಯಾಪಾರ ಮಾಡೋಕೆ ಬಿಡೋದೇ ಇಲ್ಲ ಅನ್ನುವ ನಿಯಮವನ್ನು ಗಟ್ಟಿಯಾಗಿ ಹಿಡಿಯುವ ಊರಲ್ಲಿ ಕೆಲವರಾದರೂ ಬದುಕುತ್ತಾರೆ.

ಇನ್ನು ಅಕ್ರಮ-ಸಕ್ರಮ. ವಾಸದ ಮನೆಗೆ 50%, ವಾಣಿಜ್ಯ ಕಟ್ಟಡಕ್ಕೆ 25% ವರೆಗಿನ ಉಲ್ಲಂಘನೆಯನ್ನು ದುಡ್ಡು ಕಟ್ಟಿಸಿಕೊಂಡು ಸಕ್ರಮ ಮಾಡ್ತೀವಿ ಅಂತ ಸರ್ಕಾರ ಹೊರಟಿತು. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಒಪ್ಪಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಯೋಜನೆ ನಿಂತರೂ ಆಸೆ ನಿಲ್ಲಲಿಲ್ಲ. ಇವತ್ತಲ್ಲ ನಾಳೆ ಸಕ್ರಮ ಆಗುತ್ತೆ, ಈಗ ಕಟ್ಟಿಬಿಡೋಣ ಅನ್ನೋದು ಒಂದು ಲೆಕ್ಕಾಚಾರವೇ ಆಗಿಬಿಟ್ಟಿದೆ. 1,200 ಚದರ ಅಡಿಯ ವಿನಾಯಿತಿಯನ್ನೂ ನಾನು ಒಪ್ಪಲ್ಲ. ಕಿಕ್ಕಿರಿದ ಗಲ್ಲಿಗಳಲ್ಲಿ ಇರೋದೆಲ್ಲ ಮೂವತ್ತು-ನಲವತ್ತರ ಸೈಟುಗಳೇ ಅಲ್ವಾ? ಎಲ್ಲಿ ಜಾಗ ಅತಿ ಕಡಿಮೆಯೋ ಅಲ್ಲೇ ಪರೀಕ್ಷೆ ಬಿಟ್ಟುಬಿಟ್ಟರು.

ಕೊಳ್ಳುವವರ ದೃಷ್ಟಿಯಿಂದಲೂ ಇದೇ ಸರಿ. ಬಿಲ್ಡರ್ ಓಸಿ ಆಮೇಲೆ ಬರುತ್ತೆ ಸಾರ್ ಅಂತ ಫ್ಲಾಟಿನ ಕೀಲಿ ಕೊಟ್ಟು ಹೋಗುತ್ತಾನೆ. ಕರೆಂಟ್ ಬರಲ್ಲ ಅಂತ ಗೊತ್ತಿದ್ದರೆ ಯಾರು ಕೀಲಿ ತಗೊಳ್ಳುತ್ತಾರೆ? ದುಡ್ಡು ಪೂರ್ತಿ ಕೊಡುವ ಮುಂಚೆ ಎಲ್ಲರೂ ಓಸಿ ಕೇಳೋ ಅಭ್ಯಾಸ ಬಂದರೆ ಬಿಲ್ಡರ್ ತಾನಾಗಿ ದಾರಿಗೆ ಬರುತ್ತಾನೆ.

ವಿರೋಧ: ಶಿಕ್ಷೆ ತಪ್ಪಿದವನಿಗೆ ಕೊಡಿ, ವಾಸ ಇರುವವನಿಗಲ್ಲ

ಸುರಕ್ಷತೆ ಬೇಡ ಅನ್ನುವವರು ಯಾರೂ ಇಲ್ಲ. ನನ್ನ ತಕರಾರು ತಡೆ ಹಾಕಿರುವ ಜಾಗದ ಬಗ್ಗೆ.

ಧಾರವಾಡದ ಕಟ್ಟಡ ಬಿದ್ದದ್ದು ಕಟ್ಟುತ್ತಿರುವಾಗ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆ ನಡುವೆ ಕುಸಿದ ಕಟ್ಟಡವೂ ಕಟ್ಟುತ್ತಿರುವಾಗಲೇ ಬಿತ್ತು. ಅನುಮತಿ ಮೀರಿ ಮಹಡಿ ಏರಿಸಿದ್ದರು, ಒಳಗೆ ಕೆಲಸ ಮಾಡುತ್ತಿದ್ದ ಕೂಲಿಯವರು ಸತ್ತರು. ಓಸಿ ಕೇಳೋದು ಇದೆಲ್ಲ ಮುಗಿದ ಮೇಲೆ. ಪಾಯ ತೋಡಿದಾಗ, ಕಂಬ ನಿಲ್ಲಿಸಿದಾಗ, ಒಂದೊಂದು ಮೋಲ್ಡ್ ಹಾಕಿದಾಗ ರಸ್ತೆಯಲ್ಲಿ ಹೋಗುವ ಯಾರಿಗಾದರೂ ಕಾಣುತ್ತಿತ್ತು. ಮರಳಿನ ಲಾರಿ ರಸ್ತೆಯಲ್ಲೇ ಸುರಿದಿತ್ತು. ವಾರ್ಡಿನ ಎಂಜಿನಿಯರ್‌ಗೆ ಮಾತ್ರ ಕಾಣಲಿಲ್ಲ! ಎಲ್ಲ ಮುಗಿದು ಗೃಹಪ್ರವೇಶದ ಹೊತ್ತಿಗೆ ಬಂದು ಮೀಟರ್ ಕೊಡಲ್ಲ ಅಂದರೆ ಯಾವ ಜೀವ ಉಳಿಯಿತು?

ಅದೇ ಸುಪ್ರೀಂ ಕೋರ್ಟ್ ತೀರ್ಪನ್ನು ಪೂರ್ತಿ ಓದಿ. ಮಂಜೂರಾದ ನಕ್ಷೆಯನ್ನು ಕಟ್ಟುವ ಜಾಗದಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು, ಅಧಿಕಾರಿಗಳು ಕಾಲಕಾಲಕ್ಕೆ ಬಂದು ನೋಡಿ ದಾಖಲೆ ಇಡಬೇಕು, ತಪ್ಪಾಗಿ ಪತ್ರ ಕೊಟ್ಟ ಅಧಿಕಾರಿಯ ಮೇಲೆ ಇಲಾಖಾ ಕ್ರಮ ಆಗಬೇಕು ಎಂದೂ ಅದರಲ್ಲಿದೆ. ಇವುಗಳಲ್ಲಿ ಎಷ್ಟು ಜಾರಿಗೆ ಬಂತು? ಮನೆ ಕಟ್ಟುತ್ತಿರುವ ಹತ್ತು ಜಾಗಕ್ಕೆ ಹೋದರೆ ನಕ್ಷೆ ನೇತುಹಾಕಿದ್ದು ಒಂದು ಕಡೆಯಾದರೂ ಸಿಗುತ್ತಾ? ಅಧಿಕಾರಿ ಮಾಡಬೇಕಾದ ಕೆಲಸದ ಸಾಲುಗಳೆಲ್ಲ ಹಾಗೇ ಬಿದ್ದಿವೆ, ಜನ ಅನುಭವಿಸಬೇಕಾದ ಸಾಲು ಮಾತ್ರ ತಕ್ಷಣ ಆದೇಶವಾಗಿ ಬಂತು. ನನಗೆ ಸಿಟ್ಟು ಬರೋದು ಇಲ್ಲಿ.

ನಕ್ಷೆ ತಗೊಂಡು ಕಟ್ಟಬೇಕಿತ್ತು ಅನ್ನುವವರು ಬಿ ಖಾತಾ, ಅಂದರೆ ಕಾನೂನಿನ ಒಪ್ಪಿಗೆ ಪೂರ್ತಿ ಇಲ್ಲದ ಆಸ್ತಿಗಳನ್ನು ಬರೆದಿಡುವ ಪಾಲಿಕೆಯ ಬೇರೆ ವಹಿ, ಅದರ ಬಗ್ಗೆ ಒಂದು ನಿಮಿಷ ಯೋಚನೆ ಮಾಡಲಿ. ಊರಾಚೆ ಹೊಲ. ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಿಲ್ಲ. ಯಾರೋ ಸುಣ್ಣದ ಗೆರೆ ಹಾಕಿ ಸೈಟು ಮಾಡಿ ಮಾರಿದರು. ಉಪನೋಂದಣಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡು ಸರ್ಕಾರವೇ ಪತ್ರ ನೋಂದಣಿ ಮಾಡಿತು. ಪಂಚಾಯಿತಿ ಖಾತೆ ಕೊಟ್ಟು ಕಂದಾಯ ಹಾಕಿತು, ಲೈಸೆನ್ಸೂ ಕೊಟ್ಟಿತು. 2007ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಒಳಗೆ ಬಂದವು, ಇಂಥ ಸೈಟುಗಳೆಲ್ಲ ಬಿ ವಹಿಗೆ ಹೋದವು. ತೆರಿಗೆ ವರ್ಷ ವರ್ಷ ತಗೊಂಡರು. ನಕ್ಷೆ ಕೇಳೋಕೆ ಹೋದರೆ ಎ ಖಾತಾ ಇಲ್ಲ, ಕೊಡಲ್ಲ ಅಂದರು. ನಕ್ಷೆ ಇಲ್ಲದೆ ಪ್ರಾರಂಭ ಪತ್ರ ಇಲ್ಲ, ಅದಿಲ್ಲದೆ ಓಸಿ ಇಲ್ಲ. ಬಾಗಿಲಿಗೆ ಬೀಗ ಹಾಕಿಟ್ಟು ಒಳಗೆ ಬರಲಿಲ್ಲ ಅಂತ ದಂಡ ಹಾಕಿದ ಹಾಗಾಯ್ತು ಇದು. ಜೀವಮಾನದ ದುಡಿಮೆ ಸುರಿದು ಮನೆ ಕಟ್ಟಿದ ಗಾರ್ಮೆಂಟ್ಸ್ ಕೆಲಸದವಳಿಗೆ ನೀನು ಬೈಲಾ ಮುರಿದೆ ಅನ್ನೋಕೆ ಯಾವ ಮುಖ ಇದೆ?

ನಿಯಮ ಜನರೇ ಒಪ್ಪಿಕೊಂಡದ್ದು ಅನ್ನುವ ಮಾತಿಗೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕಾಗದದ ಮೇಲೆ 74ನೇ ತಿದ್ದುಪಡಿ ಇದೆ. ನಿಜದಲ್ಲಿ ಮಾದರಿ ಬೈಲಾ ಬರೆಯೋದು ರಾಜ್ಯ ಸರ್ಕಾರ, ವಲಯ ನಿಯಮ ಬರೆಯೋದು ಯೋಜನಾ ಪ್ರಾಧಿಕಾರ, ಕೊನೆಗೆ ವಿನಾಯಿತಿ ಕೊಡೋದೂ ವಿಧಾನಸೌಧವೇ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಬಂದದ್ದು ಆಡಳಿತಾಧಿಕಾರಿಗಳ ಆದೇಶ. ಮಾಸ್ಟರ್ ಪ್ಲಾನ್ ಕಥೆ ಇನ್ನೂ ಬೇಜಾರು. 2015ರವರೆಗಿನ ಬೆಂಗಳೂರಿಗೆ ಅಂತ ಮಾಡಿ 2007ರಲ್ಲಿ ಒಪ್ಪಿಗೆ ಕೊಟ್ಟ ಪ್ಲಾನ್ ಅವಧಿ ಮುಗಿದ ಮೇಲೂ ನಡೆಯುತ್ತಾ ಬಂತು. 2031ಕ್ಕೆ ಅಂತ ಕರಡು ಮಾಡಿ ವಾಪಸ್ ತಗೊಂಡರು. ಊರು ಎಷ್ಟೋ ದೂರಕ್ಕೆ ಹಬ್ಬಿದೆ. ಹಳೇ ನಕ್ಷೆ ಹಿಡಿದು ಜನರನ್ನು ಅಳೆಯುತ್ತಿದ್ದೇವೆ.

ಕರೆಂಟನ್ನೇ ಆಯುಧ ಮಾಡಿಕೊಳ್ಳೋದು ಕಾನೂನಿನ ಮನಸ್ಸಿಗೂ ಒಗ್ಗಲ್ಲ. 2003ರ ವಿದ್ಯುತ್ ಕಾಯ್ದೆಯ 43ನೇ ಕಲಂ ಕಟ್ಟಡದ ಮಾಲೀಕನಾಗಲಿ, ಅಲ್ಲಿ ವಾಸ ಇರುವವನಾಗಲಿ ಅರ್ಜಿ ಕೊಟ್ಟರೆ ಸಂಪರ್ಕ ಕೊಡಬೇಕು ಅನ್ನುತ್ತೆ. ವಾಸ ಇರುವವನು ಅನ್ನೋ ಪದ ಅಲ್ಲಿರೋದು ಸುಮ್ನೆ ಅಲ್ಲ. ಬಾಡಿಗೆಗೆ ಇರುವವನು ಸೆಟ್‌ಬ್ಯಾಕ್ ನುಂಗಿದವನಲ್ಲ. ಕೋರ್ಟ್ ಮಾತು ಮೇಲೇ ಇರಬಹುದು, ಆದರೆ ಸರ್ಕಾರ ಈ ಜನರ ಪರಿಸ್ಥಿತಿಯನ್ನು ಆ ಕೋರ್ಟಿನ ಮುಂದೆಯೇ ಹೋಗಿ ಹೇಳಬಹುದು.

ಮೀಟರ್ ಇಲ್ಲ ಅಂದರೆ ಜನ ಕತ್ತಲಲ್ಲಿ ಕೂರಲ್ಲ. ಕಟ್ಟುವಾಗ ತಗೊಂಡ ತಾತ್ಕಾಲಿಕ ಸಂಪರ್ಕವನ್ನೇ ದುಬಾರಿ ದರ ಕೊಟ್ಟು ಎಳೆಯುತ್ತಾರೆ. ಅದೂ ಇಲ್ಲದವರು ಪಕ್ಕದ ಮನೆಯಿಂದ ತಂತಿ ಎಳೆದು, ಕಿಟಕಿ ಸಂದಿಯಲ್ಲಿ ತೂರಿಸಿ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಫ್ರಿಜ್, ಮೋಟರ್, ಗೀಸರ್ ಎಲ್ಲ ಚುಚ್ಚುತ್ತಾರೆ. ಅರ್ಥಿಂಗ್ ಇರಲ್ಲ. ಮಳೆಗಾಲದಲ್ಲಿ ಟೆರೇಸ್ ಮೇಲೆ ಆ ತಂತಿಯ ಜಾಯಿಂಟ್ ಬರೀ ಇನ್ಸುಲೇಷನ್ ಟೇಪ್ ಸುತ್ತಿ ಬಿದ್ದಿರುತ್ತೆ. ಸುರಕ್ಷತೆಗಾಗಿ ತಂದ ನಿಯಮ ಮಾಡಿದ್ದು ಇದು. ನೀರಿನ ಸಂಪರ್ಕ ಇಲ್ಲದ ಮನೆ ಬೋರ್‌ವೆಲ್ ಕೊರೆಸುತ್ತೆ, ಇಲ್ಲ ಟ್ಯಾಂಕರ್ ತರಿಸುತ್ತೆ. ಒಳಚರಂಡಿಗೆ ಸೇರಿಸದ ಮನೆಯ ಕೊಳಕು ಎಲ್ಲಿಗೆ ಹೋಗುತ್ತೆ ಅಂತ ಬಿಡಿಸಿ ಹೇಳಬೇಕಾ?

ಇನ್ನೊಂದು ಬಾಗಿಲು ಸೃಷ್ಟಿ ಮಾಡಿದರೆ ಅಲ್ಲಿ ಇನ್ನೊಂದು ಕೈ ಚಾಚುತ್ತೆ ಅನ್ನೋದೂ ಎಲ್ಲರಿಗೂ ಗೊತ್ತು. ನಕ್ಷೆಗೊಂದು ರೇಟು, ಮಹಡಿಗೊಂದು ರೇಟು ಅಂತ ಊರು ಮಾತಾಡುವ ಕಡೆ ಓಸಿಗೂ ಒಂದು ರೇಟು ಹುಟ್ಟೋಕೆ ಎಷ್ಟು ದಿನ ಬೇಕು? ದೊಡ್ಡ ಬಿಲ್ಡರ್ ಕೊಟ್ಟು ತಗೊಳ್ಳುತ್ತಾನೆ. ಸಣ್ಣವನು ಅಲೆಯುತ್ತಾನೆ.

ನನ್ನ ಪ್ರಕಾರ ಬಿಗಿ ಮಾಡಬೇಕಿರೋದು ಪ್ಲಿಂತ್ ಮಟ್ಟದಲ್ಲಿ. ಪಾಯ ನೆಲದ ಮೇಲೆ ಬಂದ ದಿನವೇ ಬಂದು ಅಳೆಯಲಿ, ಅಲ್ಲಿ ಸೆಟ್‌ಬ್ಯಾಕ್ ಸರಿ ಇದ್ದರೆ ಮುಂದೆ ಕದಿಯೋಕೆ ಜಾಸ್ತಿ ಉಳಿಯಲ್ಲ, ತಪ್ಪಿದ್ದರೂ ಆಗ ಒಡೆಯೋದು ನಾಲ್ಕು ಸಾಲು ಇಟ್ಟಿಗೆ ಮಾತ್ರ, ಯಾರ ಸಂಸಾರವೂ ಬೀದಿಗೆ ಬರಲ್ಲ. ಪ್ರತಿ ಮೋಲ್ಡಿಗೂ ಮುಂಚೆ ಫೋಟೋ ತೆಗೆದು, ನೋಡಿದ ಎಂಜಿನಿಯರ್ ಹೆಸರಿನ ಸಮೇತ ಆನ್‌ಲೈನಲ್ಲಿ ಹಾಕಲಿ. ಮಾರೋಕೆ ಕಟ್ಟಿದ ಅಪಾರ್ಟ್‌ಮೆಂಟ್ ಆದರೆ ಓಸಿ ಇಲ್ಲದೆ ಫ್ಲಾಟ್ ನೋಂದಣಿಯನ್ನೇ ಮಾಡಬಾರದು, ಆಗ ಸಿಕ್ಕಿಬೀಳೋದು ಬಿಲ್ಡರ್, ಕೊಂಡವನಲ್ಲ. ಬಿ ಖಾತಾ ಮನೆಗಳಿಗೆ ಕಂಬ, ಅಡಿಪಾಯ ಗಟ್ಟಿ ಇದೆಯಾ ಅಂತ ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರ್‌ನಿಂದ ಒಂದು ಪತ್ರ ತರಿಸಿಕೊಂಡು ಮೀಟರ್ ಕೊಡಲಿ. ಗಟ್ಟಿ ಇಲ್ಲದಿದ್ದರೆ ಖಾಲಿ ಮಾಡಿಸಲಿ, ಅದಕ್ಕೆ ನಾನೂ ಅಡ್ಡ ಬರಲ್ಲ. ಈಗಾಗಲೇ ಕಟ್ಟಿ ಮುಗಿಸಿ ಒಳಗೆ ಸೇರಿಕೊಂಡವರಿಗೆ ದಂಡ ಹಾಕೋದಿದ್ದರೆ ಆಸ್ತಿ ತೆರಿಗೆ ಜೊತೆ ಹಾಕಲಿ, ಕರೆಂಟ್ ಮತ್ತು ನೀರು ಮೊದಲು ಕೊಡಲಿ.