ತುಂಬಿದೆ ಎಂದು ಹೇಳುವ ಕಸದ ಡಬ್ಬಿ ನಮ್ಮೂರಿಗೂ ಬೇಕು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿಂದು, ಎಣ್ಣೆ ಹತ್ತಿದ ಕಾಗದ ಹಿಡಿದುಕೊಂಡು ಸುತ್ತ ನೋಡಿದೆ. ಡಬ್ಬಿ ಎಲ್ಲೂ ಕಾಣಲಿಲ್ಲ. ಗಾಡಿಯವರನ್ನು ಕೇಳಿದೆ. "ಅಲ್ಲೇ ಒಗೀರಿ ಸರ, ಮುಂಜಾನೆ ಬಂದು ಬಳೀತಾರ" ಅಂದರು. ಪ್ರೀತಿಯಿಂದಲೇ ಅಂದರು. ಜೊತೆಗಿದ್ದ ತಮ್ಮ "ಕೊಡಣ್ಣ ಇಲ್ಲೆ" ಎಂದು ಕಾಗದ ಇಸಿದುಕೊಂಡು ಗಟಾರಕ್ಕೆ ಎಸೆದ.

ಮುಂಜಾನೆ ಯಾರೋ ಬಂದು ಬಳಿಯುತ್ತಾರೆ ಎನ್ನುವ ಆ ಧೈರ್ಯ ನನಗೆ ಚುಚ್ಚಿತು. ಬಳಿಯುವವರು ಯಾರು? ಊರು ಏಳುವ ಮೊದಲೇ ಪೊರಕೆ ಹಿಡಿದು ಬರುವ ಹೆಣ್ಣುಮಕ್ಕಳು. ಅಷ್ಟರಲ್ಲಿ ರಾತ್ರಿಯಿಡೀ ನಾಯಿ, ಹಂದಿ, ಬಿಡಾಡಿ ದನ ಸೇರಿ ಆ ಕಸವನ್ನು ರಸ್ತೆ ತುಂಬಾ ಹರಡಿರುತ್ತವೆ. ಸಂಜೆ ಒಂದು ಕಡೆ ಬೀಳಬೇಕಿದ್ದ ಕಸವನ್ನು ಅವರು ನೂರು ಕಡೆ ಬಗ್ಗಿ ಎತ್ತಬೇಕು.

ನಾನಿರುವುದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಅಲ್ಲಿನ ಪೇಟೆ ಬೀದಿಗಳಲ್ಲಿ ತಲೆ ಮೇಲೆ ಸೋಲಾರ್ ಫಲಕ ಹೊತ್ತ ಕಸದ ಡಬ್ಬಿಗಳಿವೆ. ಬಿಗ್‌ಬೆಲ್ಲಿ ಅಂತ ಹೆಸರು. ಅವಕ್ಕೆ ತೆರೆದ ಬಾಯಿ ಇಲ್ಲ. ಅಂಚೆ ಡಬ್ಬಿಯ ಹಾಗೆ ಹಿಡಿಕೆ ಎಳೆದು ಹಾಕಬೇಕು, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಒಳಗೆ ಕಸ ಎಷ್ಟು ಎತ್ತರ ಬಂದಿದೆ ಎಂದು ಒಂದು ಸೆನ್ಸರ್ ನೋಡುತ್ತಿರುತ್ತದೆ. ಮಟ್ಟ ಮುಟ್ಟಿದರೆ ಸಣ್ಣ ಮೋಟಾರು ಕಸವನ್ನು ಕೆಳಕ್ಕೆ ಒತ್ತುತ್ತದೆ. ಮಾಮೂಲಿ ಡಬ್ಬಿಯಲ್ಲಿ ಹಿಡಿಯುವುದರ ಸುಮಾರು ಐದು ಪಟ್ಟು ಕಸ ಇದರಲ್ಲಿ ಹಿಡಿಯುತ್ತದೆ. ಇನ್ನು ಒತ್ತಲು ಆಗಲ್ಲ ಎಂದಾಗ ಮೊಬೈಲ್ ಜಾಲದ ಮೂಲಕ ಕಚೇರಿಗೆ ಸುದ್ದಿ ಕಳಿಸುತ್ತದೆ. ಗಾಡಿ ಆಗ ಬರುತ್ತದೆ. ಫಲಕ ತುಂಬಿಸುವುದು ಒಂದು ಬ್ಯಾಟರಿಯನ್ನು, ಅದರಿಂದಲೇ ಎಲ್ಲ ನಡೆಯುತ್ತದೆ. ಹಿಮ ಬೀಳುವ ಊರಿನಲ್ಲೇ ಇದು ನಡೆಯುತ್ತದೆ ಅಂದರೆ ನಮ್ಮ ಏಪ್ರಿಲ್ ಬಿಸಿಲಿಗೆ ಕೇಳಬೇಕೇ?

2009ರಲ್ಲಿ ಆ ಊರಿನವರು ನಡುಪೇಟೆಯ ಸುಮಾರು 700 ತಂತಿ ಬುಟ್ಟಿಗಳನ್ನು ತೆಗೆದು ಇಂಥ 500 ಡಬ್ಬಿ ಇಟ್ಟರು. ಮೊದಲು ವಾರಕ್ಕೆ 17 ಸಲ ಖಾಲಿ ಮಾಡಬೇಕಿತ್ತು, ಅದನ್ನು 5ಕ್ಕೆ ಇಳಿಸಿದರು. ಉಳಿಯುವ ಡೀಸೆಲ್ ಎಷ್ಟು, ಉಳಿಯುವ ಓಡಾಟ ಎಷ್ಟು, ನೀವೇ ಲೆಕ್ಕ ಹಾಕಿ.

ಹುಬ್ಬಳ್ಳಿ-ಧಾರವಾಡ 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಕಸದ ಗಾಡಿ ಬಂತೋ ಇಲ್ಲವೋ ತಿಳಿಯಲು ಮನೆಗಳಿಗೆ ಆರ್‌ಎಫ್‌ಐಡಿ ಬಿಲ್ಲೆ (ಯಂತ್ರ ಹಿಡಿದರೆ ಓದುವ ಗುರುತಿನ ಬಿಲ್ಲೆ) ಅಂಟಿಸುವ ಕೆಲಸವೂ ಆಯಿತು. ಒಳ್ಳೆಯದೇ. ಆದರೆ ಮನೆ ಬಿಟ್ಟು ಪೇಟೆಗೆ ಬಂದ ಮನುಷ್ಯನ ಕೈಯಲ್ಲಿರುವ ಕಸದ ಗತಿ ಏನು? ಸಂಜೆ ಕೊಪ್ಪೀಕರ್ ರಸ್ತೆಯಲ್ಲಿ ನಿಂತು ನೋಡಿ. ನೀರಿನ ಬಾಟಲಿ, ಚಹಾ ಕಪ್ಪು, ಕುರುಕಲು ಪಾಕೀಟು. ಎಲ್ಲ ಒಣ ಕಸ, ಎಲ್ಲದರ ಒಳಗೂ ಬರೀ ಗಾಳಿ. ಒತ್ತುವ ಯಂತ್ರಕ್ಕೆ ಹೇಳಿ ಮಾಡಿಸಿದ ಕಸ ಇದು. "ನಮ್ಮ ಮಂದಿ ಡಬ್ಬಿ ಇಟ್ರೂ ಹಾಕಂಗಿಲ್ಲ" ಎಂದು ಊರಿನ ಗೆಳೆಯರು ವಾದ ಮಾಡುತ್ತಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ ಹತ್ತಲು ಇದೇ ಮಂದಿ ಕಾರ್ಡ್ ತಟ್ಟಿ ಗೇಟು ದಾಟಿ ಹೋಗುತ್ತಾರೆ. ಅದನ್ನು ಕಲಿತವರು ಹಿಡಿಕೆ ಎಳೆಯಲು ಕಲಿಯುವುದಿಲ್ಲವಾ? ಬಾಯಿ ತೆರೆದ ತೊಟ್ಟಿ ತುಂಬಿ, ಹೊರಗೆ ಚೆಲ್ಲಿ, ನಾತ ಹೊಡೆಯುತ್ತಿದ್ದರೆ ಅದರ ಹತ್ತಿರ ಯಾರು ತಾನೇ ಹೋಗುತ್ತಾರೆ? ದೂರದಿಂದ ಎಸೆಯುತ್ತಾರೆ. ನಾನಾದರೂ ಎಸೆಯುತ್ತೇನೆ.

ಡಬ್ಬಿ ದುಬಾರಿ, ಅದು ನಿಜ. ಫಿಲಡೆಲ್ಫಿಯಾದಲ್ಲಿ ಇಟ್ಟ ಕಾಲಕ್ಕೇ ಒಂದಕ್ಕೆ 4,000 ಡಾಲರಿನ ಆಸುಪಾಸು ಇತ್ತು. ಇವತ್ತಿನ ಲೆಕ್ಕಕ್ಕೆ ಮೂರು ಲಕ್ಷ ರೂಪಾಯಿ ದಾಟುತ್ತದೆ. ಇನ್ನೊಂದನ್ನೂ ಹೇಳಲೇಬೇಕು. ನಮ್ಮೂರ ಕಸವನ್ನೆಲ್ಲ ಈ ಯಂತ್ರದ ಬಾಯಿಗೆ ಹಾಕಲು ಬರುವುದಿಲ್ಲ. ನಮ್ಮಲ್ಲಿ ಹಸಿ ಕಸವೇ ಜಾಸ್ತಿ. ಕಾಯಿಪಲ್ಲೆ ಸಿಪ್ಪೆ, ಬಾಳೆ ಎಲೆ ಮೊದಲೇ ಭಾರ, ಒತ್ತಿದರೆ ಕುಗ್ಗುವುದು ಸ್ವಲ್ಪ, ಸೋರುವ ಗಲೀಜು ನೀರು ಬಹಳ. ಎಳನೀರು ಬುರುಡೆ ಸಿಕ್ಕರೆ ಯಂತ್ರವೇ ಸಿಕ್ಕಿಹಾಕಿಕೊಳ್ಳಬಹುದು. ಜನತಾ ಬಜಾರಿನ ಕಾಯಿಪಲ್ಲೆ ಕಸಕ್ಕೆ ಗೊಬ್ಬರದ ಗುಂಡಿಯೋ ಬಯೋಗ್ಯಾಸೋ ಸರಿ.

ಹಸಿ, ಒಣ ಬೇರೆ ಮಾಡುವ ವಿಷಯದಲ್ಲಿ ನನ್ನ ಅವ್ವ ಫಿಲಡೆಲ್ಫಿಯಾಕ್ಕಿಂತ ಮುಂದಿದ್ದಾಳೆ. ಎರಡು ಬಕೆಟ್ ಇಟ್ಟುಕೊಂಡು, ಹಾಡು ಹಾಕಿಕೊಂಡು ಬರುವ ಗಾಡಿಯವರ ಕೈಗೆ ಬೇರೆ ಬೇರೆ ಕೊಡುತ್ತಾಳೆ. ಕಸ ಬೇರೆ ಮಾಡಿಯೇ ಕೊಡಬೇಕು ಎಂದು 2016ರಿಂದಲೇ ನಮ್ಮ ನಿಯಮ ಹೇಳುತ್ತಾ ಬಂದಿದೆ. ನನ್ನ ಅಮೆರಿಕದ ಮನೆಯಲ್ಲಿ ಬಾಟಲಿ, ರಟ್ಟು ಬೇರೆ ಇಡುತ್ತೇವೆ. ಅನ್ನ, ಸಾರು, ಸಿಪ್ಪೆ ಮಾತ್ರ ಉಳಿದ ಕಸದ ಚೀಲಕ್ಕೇ ಹೋಗುತ್ತದೆ. ಮನೆ ಬಾಗಿಲಲ್ಲಿ ನಿಂತು ಕೈಯಿಂದ ಇಸಿದುಕೊಳ್ಳುವ ಮನುಷ್ಯ ಅಲ್ಲಿ ಇಲ್ಲ. ಅಲ್ಲಿನ ಬಿಗ್‌ಬೆಲ್ಲಿ ಡಬ್ಬಿಗಳೂ ಈಗ ಹಳೆಯವಾಗಿವೆ. ಹಿಡಿಕೆ ಕೂಡದೆ ಬಾಯಿ ತೆರೆದೇ ನಿಂತವನ್ನು ನೋಡಿದ್ದೇನೆ. ರಿಪೇರಿ ಮಾಡುವವರು ಕೈಗೆ ಸಿಗದಿದ್ದರೆ ಎಂಥ ಯಂತ್ರವೂ ದಂಡ.

ಅದಕ್ಕೇ ಅಮೆರಿಕದಿಂದ ಡಬ್ಬಿ ತರಿಸಿ ಅಂತ ನಾನು ಹೇಳುತ್ತಿಲ್ಲ. ಒಂದು ಫಲಕ, ಒಂದು ಬ್ಯಾಟರಿ, ಒಂದು ಮೋಟಾರು, ಒಂದು ಸೆನ್ಸರ್, ಸಿಮ್ ಕಾರ್ಡು. ಗೋಕುಲ ರಸ್ತೆ, ತಾರಿಹಾಳದ ವರ್ಕ್‌ಶಾಪಿನವರು ಮಾಡಲಾಗದ ಕೆಲಸವೇ ಇದು? ಐಐಟಿ ಧಾರವಾಡದಲ್ಲಿದೆ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ವಿದ್ಯಾನಗರದಲ್ಲಿದೆ. ಇಷ್ಟು ಜನ ಇರುವಾಗ ಬರೀ ಒಣ ಕಸಕ್ಕೆ, ಬಾಯಿ ಮುಚ್ಚುವ ಹತ್ತು ಡಬ್ಬಿ ಮಾಡಿ, ಮೊದಲು ಬಿಆರ್‌ಟಿಎಸ್ ನಿಲ್ದಾಣಗಳ ಬಳಿ ಇಟ್ಟು ಒಂದು ಮಳೆಗಾಲ ನೋಡಬಹುದು. ಒತ್ತುವ ಯಂತ್ರಕ್ಕೆ ದುಡ್ಡು ಸಾಲದಿದ್ದರೆ ಸೆನ್ಸರ್ ಒಂದನ್ನಾದರೂ ಹಾಕಲಿ. ಯಾವ ಡಬ್ಬಿ ತುಂಬಿದೆ ಎಂದು ರಾತ್ರಿಯೇ ತಿಳಿದರೆ, ಹಂದಿ ಬರುವ ಮೊದಲು ಗಾಡಿ ಬರಬಹುದು.