ಲೋಗೊ ಎಡಕ್ಕೋ ಬಲಕ್ಕೋ?

ಅಮೆರಿಕದಲ್ಲಿ ಸ್ಥಳೀಯ ಸರ್ಕಾರಿ ಶಾಲೆಗಳನ್ನು ನಡೆಸುವ ನಾಲ್ಕು ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಸೇರಿ ಪ್ರಾಥಮಿಕ ಶಾಲೆಯ ವಿಜ್ಞಾನವನ್ನು ಉದ್ಧಾರ ಮಾಡಲು ಹೊರಟರೆ ಮೊದಲ ಹೆಜ್ಜೆ ಲೋಗೊ. ಯಾರದ್ದು ಎಡಗಡೆ ಎಂಬುದು ಇತ್ಯರ್ಥವಾಗುವ ತನಕ ಪಾಠದ ಮಾತು ಎತ್ತುವಂತಿಲ್ಲ. ಆಮೇಲೆ ಒಪ್ಪಂದ, ಫೋಟೊ. ಕೊನೆಗೆ, ನೆನಪಾದರೆ, ಟೀಚರು.

ಆ ಟೀಚರಿಗೆ ಸಿಗುವ ಸಮಯ ಎಷ್ಟು? 2018ರ ರಾಷ್ಟ್ರೀಯ ಸಮೀಕ್ಷೆಯಂತೆ 3ನೇ ತರಗತಿವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ ಓದು-ಬರಹ 89 ನಿಮಿಷ, ಗಣಿತ 57, ವಿಜ್ಞಾನ 18. ಕಾರಣ ಗುಟ್ಟೇನಲ್ಲ. ಫೆಡರಲ್ ಕಾನೂನಿನ ಪ್ರಕಾರ ಓದಿಗೆ, ಗಣಿತಕ್ಕೆ 3ರಿಂದ 8ನೇ ತರಗತಿವರೆಗೆ ಪ್ರತಿವರ್ಷ ಪರೀಕ್ಷೆ. ವಿಜ್ಞಾನಕ್ಕೆ 3ರಿಂದ 5ರೊಳಗೆ ಒಂದು ಸಲ ಮಾಡಿದರೆ ಸಾಕು. ಪರೀಕ್ಷೆಯಿಲ್ಲದ ವರ್ಷ ವಿಜ್ಞಾನ ಊಟಕ್ಕಿಲ್ಲದ ಉಪ್ಪಿನಕಾಯಿ. ಈ 18ನ್ನು 30 ಮಾಡುವ ಅಧಿಕಾರ ಈ ಲೋಗೊ ಸಭೆಯಲ್ಲಿ ಕೂತವರಿಗೇ ಇದೆ. ಅಜೆಂಡಾದಲ್ಲಿ ಮಾತ್ರ ಇಲ್ಲ.

ಇನ್ನು ಕಿಟ್, ಅಂದರೆ ಪ್ರಯೋಗದ ಸಾಮಾನಿನ ಪೆಟ್ಟಿಗೆ. ಎಲ್ಲರೂ ಕೂಡಿ ಕೊಂಡು, ಒಂದೇ ಉಗ್ರಾಣದಿಂದ ಶಾಲೆಯಿಂದ ಶಾಲೆಗೆ ಸುತ್ತಿಸುವುದು ನಿಜಕ್ಕೂ ಜಾಣತನ. ಎಡವಟ್ಟಾಗುವುದು ಪೆಟ್ಟಿಗೆ ವಾಪಸ್ ಬಂದಾಗ. ವಿದ್ಯುತ್ ಪಾಠದ್ದನ್ನೇ ತೆಗೆಯಿರಿ: ಇಬ್ಬರಿಗೊಂದು 1.5 ವೋಲ್ಟಿನ ಸೆಲ್, ಒಂದು ಟಾರ್ಚ್ ಬಲ್ಬು, ತುದಿ ಸುಲಿದ ಗೇಣುದ್ದದ ಎರಡು ವೈರು. ವೈರು ಕೈಗೆ ಸಿಕ್ಕ ಹುಡುಗ ಮಾಡುವ ಮೊದಲ ಕೆಲಸವೇ ಅದನ್ನು ಸೆಲ್ಲಿನ ಎರಡೂ ತುದಿಗೆ ನೇರ ಮುಟ್ಟಿಸುವುದು. ಅದೇ ಶಾರ್ಟ್ ಸರ್ಕೀಟು: ವೈರು ಬಿಸಿ, ಸೆಲ್ ಬೇಗನೆ ಸುಸ್ತು. ಸುಸ್ತಾದ ಸೆಲ್ ಹಾಗೇ ಮುಂದಿನ ಶಾಲೆಗೆ ಹೋಗುತ್ತದೆ. ಅಲ್ಲೊಬ್ಬ ಹುಡುಗಿ ಸರಿಯಾಗಿಯೇ ಜೋಡಿಸುತ್ತಾಳೆ, ಒಂದು ವೈರು ಬಲ್ಬಿನ ಬುಡದ ಚುಕ್ಕೆಗೆ, ಇನ್ನೊಂದು ಪಕ್ಕದ ತಿರುಪಿಗೆ. ಬಲ್ಬು ಹತ್ತುವುದಿಲ್ಲ. ತನ್ನದೇ ತಪ್ಪೆಂದು ಬಿಚ್ಚಿ ಎರಡನ್ನೂ ಬುಡದ ಚುಕ್ಕೆಗೇ ಒತ್ತುತ್ತಾಳೆ. ಅಂದರೆ ಇನ್ನೊಂದು ಶಾರ್ಟ್ ಸರ್ಕೀಟು. ಅಷ್ಟರಲ್ಲಿ 18 ನಿಮಿಷ ಮುಗಿಯಿತು. ಸರಿಯಾದ ಉತ್ತರವನ್ನು ಕೈಯಾರೆ ಬಿಚ್ಚಿಸುವ ಈ ಬೋಧನಾ ವಿಧಾನಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ.

ಉಗ್ರಾಣದಲ್ಲೇ ಒಂದು ಒಳ್ಳೆಯ ಬಲ್ಬನ್ನು ಪ್ರತಿ ಸೆಲ್ಲಿಗೂ ತಾಗಿಸಿ, ಮಂಕಾಗಿ ಉರಿದದ್ದನ್ನು ಪಕ್ಕಕ್ಕಿಟ್ಟು ಹೊಸದು ಹಾಕಿದ್ದರೆ ಆಗುತ್ತಿತ್ತು. ಆದರೆ ಅನುದಾನದಲ್ಲಿ 'ಖರೀದಿ' ಎಂಬ ಬಾಬ್ತಿದೆ, 'ಮರುಭರ್ತಿ' ಎಂಬುದಿಲ್ಲ. ಜೀವಂತ ಹುಳುಗಳ ಕಿಟ್‌ನ ಕತೆ ಕೇಳಲೇಬೇಡಿ. ಅದು ಶುಕ್ರವಾರ ಸಂಜೆ, ಶಾಲೆಗೆ ಬೀಗ ಬಿದ್ದ ಮೇಲೆಯೇ ಬರುತ್ತದೆ.

ತರಬೇತಿಯೂ ಉಂಟು. 1995ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಡಿಸ್ಟ್ರಿಕ್ಟ್‌ಗಳ ಇಂಥದೇ ಕೆಲಸಕ್ಕೆ ದುಡ್ಡು ಕೊಡತೊಡಗಿದಾಗ, ಯೋಜನೆ ಮುಗಿಯುವುದರೊಳಗೆ ಪ್ರತಿ ಟೀಚರಿಗೆ ಕನಿಷ್ಠ 130 ಗಂಟೆ ತರಬೇತಿ ಆಗಬೇಕೆಂದಿತ್ತು. ನಮ್ಮ ಲೋಗೊ ಪಾಲುದಾರರು ಆ ಸಂಖ್ಯೆಯನ್ನು ಗೌರವಿಸಿದ್ದಾರೆ: ಒಂದೇ ಬೆಳಗ್ಗೆ, 130 ಸ್ಲೈಡು.

ವರ್ಷಾಂತ್ಯದ ವರದಿಯಲ್ಲಿ ತಲುಪಿದ ಪೆಟ್ಟಿಗೆ ಶೇ 100. ತೆರೆದ ಪೆಟ್ಟಿಗೆಗೆ ಕಾಲಂ ಇಲ್ಲ. ಮುಖಪುಟದಲ್ಲಿ ಬಲ್ಬು ಝಗಝಗ ಉರಿಯುತ್ತಿದೆ. ಹತ್ತಿರದಿಂದ ನೋಡಿದರೆ ಎರಡೂ ವೈರು ಬುಡದ ಚುಕ್ಕೆಗೇ ಅಂಟಿವೆ.