‘ಯಾವ ಆಲೂಗಡ್ಡೆ?’ ಅಂದರೆ ಏನು ಹೇಳಲಿ

ಹ್ಯಾಂಬರ್ಗಿನ ಶನಿವಾರದ ಸಂತೆಯಲ್ಲಿ ಮೊನ್ನೆ ನನ್ನ ಮಾನ ಹೋಯಿತು. ಆಲೂಗಡ್ಡೆ ಮಾರುವ ಅಜ್ಜಿಯ ಮುಂದೆ ಸುಮ್ನೆ ಜಂಬ ಕೊಚ್ಚಿದ್ದೆ, ನಮ್ಮ ಹಾಸನ ಆಲೂಗಡ್ಡೆಗೇ ಹೆಸರುವಾಸಿ ಅಂತ. ‘ಹೌದಾ! ಯಾವ ತಳಿ?’ ಅಂದಳು. ಬಾಯಿಗೆ ಏನೂ ಬರಲಿಲ್ಲ. ‘ಆಲೂಗಡ್ಡೆ’ ಅಂದೆ.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ‘ಜ್ಯೋತಿ ಕಣೋ, ಇನ್ಯಾವುದು?’ ಕುಫ್ರಿ ಜ್ಯೋತಿ. ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ತಳಿ. ಜಲಂಧರಿನಿಂದ ಲಾರಿಯಲ್ಲಿ ಬಿತ್ತನೆ ಗಡ್ಡೆ ಬರುವಾಗ ನಮ್ಮ ರೈತರ ಬಾಯಲ್ಲೆಲ್ಲ ಇದೇ ಹೆಸರು. ಅದೇ ಗಡ್ಡೆ ಬೆಳೆದು ಕಟ್ಟಿನಕೆರೆ ಮಾರ್ಕೆಟ್ಟಿಗೆ ಬರುವಷ್ಟರಲ್ಲಿ ಹೆಸರು ಉದುರಿಹೋಗಿರುತ್ತದೆ. ಆಮೇಲೆ ದಪ್ಪದ್ದು, ಸಣ್ಣದ್ದು, ಅಷ್ಟೇ.

ಇಲ್ಲಿ ಲಿಂಡಾ ಅಂತ ಒಂದು ಆಲೂಗಡ್ಡೆ ಇದೆ. 2004ರ ಕೊನೆಗೆ ಬೀಜದ ಕಂಪನಿ ಅದನ್ನು ನಿಲ್ಲಿಸಲು ಹೊರಟಾಗ ಬೆಳೆಯುವವರು, ತಿನ್ನುವವರು ಸೇರಿ ‘ಲಿಂಡಾ ಉಳಿಸಿ’ ಎಂದು ಗಲಾಟೆ ಎಬ್ಬಿಸಿದರು. 2010ರಲ್ಲಿ ಅದಕ್ಕೆ ಮತ್ತೆ ಅನುಮತಿ ಸಿಕ್ಕಿತು. ನಮ್ಮ ಕಡೆ ಅಂಗಮಾರಿ ರೋಗ ಬಂದು ಆಲೂಗಡ್ಡೆ ಹೊಲಗಳೇ ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದವು. ತಿನ್ನುವವರು ಯಾರಾದರೂ ಸೊಲ್ಲೆತ್ತಿದರಾ? ಹೆಸರು ಗೊತ್ತಿದ್ದರೆ ತಾನೇ.

‘ಹೆಸರು ಕಟ್ಟಿಕೊಂಡು ಏನಾಗಬೇಕು?’ ಅಂತ ಅಕ್ಕ ನಕ್ಕಳು. ಆಗಬೇಕಾದ್ದಿದೆ. ಲಿಂಡಾದ ತಿರುಳು ಹಳದಿ. ಕಣ್ಣಿಗೆ ಒಳ್ಳೆಯದಾದ ಆ ಹಳದಿ ಬಣ್ಣದ ಅಂಶ ಬಿಳಿ ತಿರುಳಿನಲ್ಲಿ ಕಡಿಮೆ. ಅಜ್ಜಿಯ ಬುಟ್ಟಿಯಲ್ಲಿ ಒಳಗೂ ಹೊರಗೂ ನೇರಳೆಯಾದ ಗಡ್ಡೆಯೂ ಇತ್ತು. ನೇರಳೆ ಹಣ್ಣು ತಿಂದು ನಾಲಿಗೆ ತೋರಿಸುತ್ತಿದ್ದೆವಲ್ಲ, ಆ ಬಣ್ಣವೇ, ಆಂಥೋಸಯನಿನ್.

ಗೆಣಸಿನಲ್ಲಂತೂ ವ್ಯತ್ಯಾಸ ಬಹಳ ದೊಡ್ಡದು. ಸಂಕ್ರಾಂತಿಗೆ ಬೇಯಿಸುವ ಬಿಳಿ ಗೆಣಸಿನಲ್ಲಿ ಬೀಟಾ ಕ್ಯಾರೊಟಿನ್, ಅಂದರೆ ಮೈಯೊಳಗೆ ವಿಟಮಿನ್ ಎ ಆಗುವ ಅಂಶ, ಇಲ್ಲವೆನ್ನುವಷ್ಟು ಕಡಿಮೆ, ಕಿತ್ತಳೆ ತಿರುಳಿನದರಲ್ಲಿ ಧಾರಾಳ. ತಿರುವನಂತಪುರದ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ಭೂ ಸೋನಾ ಅಂತ ಅಂಥದ್ದೇ ತಳಿ ಕೊಟ್ಟಿದ್ದಾರೆ. ಹೋದ ಸಂಕ್ರಾಂತಿಗೆ ಊರಿಗೆ ಬಂದಾಗ ಗೆಣಸಿನ ರಾಶಿ ಮುಂದೆ ನಿಂತು ಕೇಳಿದೆ, ಒಳಗೆ ಕಿತ್ತಳೆ ಬಣ್ಣ ಇರೋದು ಇದೆಯಾ ಅಂತ. ‘ನಾಟಿ ಸಾರ್, ಸಿಹಿ ಇದೆ, ತಗೊಳಿ’ ಅಂದ. ನಮ್ಮಲ್ಲಿ ನಾಟಿ ಅಂದುಬಿಟ್ಟರೆ ಮುಂದೆ ಮಾತೇ ಇಲ್ಲ. ನಾಟಿ ಟೊಮೆಟೊ ಇಲ್ಲದೆ ಸಾರು ಸಾರಲ್ಲ, ಒಪ್ಪಿದೆ. ಹಾಗಂತ ನಾಟಿ ಆದ ಮಾತ್ರಕ್ಕೆ ಸತ್ವವೂ ಜಾಸ್ತಿ ಅಂತೇನಿಲ್ಲ, ಅಲ್ವಾ?

ಇಷ್ಟೆಲ್ಲ ಕೇಳಿಸಿಕೊಂಡ ಅಮ್ಮ ಒಂದೇ ಪ್ರಶ್ನೆ ಕೇಳಿದಳು: ‘ನಿಮ್ಮ ಸಂತೆಯ ಅಜ್ಜಿ ಎಷ್ಟು ಥರ ಸೊಪ್ಪು ಇಟ್ಟಿದ್ದಾಳೆ?’

ಪಾಲಕ್ ಇತ್ತು. ನೀರು ಕುಡಿದು ಬಿಳಿಚಿಕೊಂಡಂತಿರುವ ಐಸ್‌ಬರ್ಗ್ ಲೆಟಿಸ್ ಇತ್ತು. ಇನ್ನೇನಿತ್ತು, ನೆನಪಾಗಲಿಲ್ಲ. ಅಮ್ಮ ಮಳೆ ಬಿದ್ದ ಮೇಲೆ ಬದುವಿನಲ್ಲಿ ಓಡಾಡಿ ಮಡಿಲು ತುಂಬಿಕೊಂಡು ಬರುತ್ತಿದ್ದಳು. ಹೊನಗೊನ್ನೆ, ಕಿರಕಸಾಲೆ, ಅಣ್ಣೆ, ಗಣಿಕೆ, ದಂಟು. ಒಂದೊಂದಕ್ಕೂ ಹೆಸರು, ಯಾವುದು ಬಾಣಂತಿಗೆ, ಯಾವುದು ಕಣ್ಣಿಗೆ ಅಂತ ಲೆಕ್ಕ. ಕಣ್ಣಿಗೆ ಒಳ್ಳೆಯದಾದ ಅದೇ ಹಳದಿ ಅಂಶ ಅಡಗಿರುವ ಬೆರಕೆ ಸೊಪ್ಪಿನ ಆ ಕಡು ಹಸಿರಿನ ಮುಂದೆ ಲಿಂಡಾದ ಹಳದಿ ಯಾವ ಲೆಕ್ಕ? ಹಿತ್ತಲ ಸೀಬೆಯೂ ಹಾಗೆಯೇ. 100 ಗ್ರಾಮಿಗೆ 200 ಮಿಲಿಗ್ರಾಮಿನ ಆಸುಪಾಸು ವಿಟಮಿನ್ ಸಿ, ಕಿತ್ತಳೆಯಲ್ಲಿ 50ರ ಹತ್ತಿರ. ನಾನಿಲ್ಲಿ ದುಡ್ಡು ಕೊಟ್ಟು ತರುವುದು ಕಿತ್ತಳೆ. ನಮ್ಮವರಿಗೆ ಹೆಸರೇ ಗೊತ್ತಿಲ್ಲ ಅಂದೆನಲ್ಲ, ಅದು ಆಲೂಗಡ್ಡೆಯ ಮಟ್ಟಿಗೆ ಸರಿ ಅಂತಿಟ್ಟುಕೊಳ್ಳಿ.

ಭಾನುವಾರ ಲಿಂಡಾ ತಂದು ದೋಸೆಗೆ ಪಲ್ಯ ಮಾಡಿದೆ. ಎಷ್ಟು ಬೇಯಿಸಿದರೂ ಮೆತ್ತಗಾಗಲಿಲ್ಲ. ದೋಸೆ ಮಡಚಿದರೆ ತುಂಡುಗಳು ಉರುಳಿ ತಟ್ಟೆಯಾಚೆ ಬಿದ್ದವು. ಗಟ್ಟಿ ಉಳಿಯುವ ಜಾತಿ ಅಂತ ಚೀಲದ ಮೇಲೆ ಬರೆದಿದ್ದರು. ನಾನು ಓದಿರಲಿಲ್ಲ.